ಆರ್ಚಸ್ ಉದ್ಯಾನದ ಮರಳುಗಲ್ಲಿನ ಕಮಾನುಗಳನ್ನು ಕೊರೆದದ್ದು ಗಾಳಿಯೋ, ನೀರೋ?

ಗುಳೇದಗುಡ್ಡದವ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ.

ಮಗನ ಮನೆಗೆಂದು ಡೆನ್ವರಿಗೆ ಬಂದಿರುವ ನಾನು ಕಳೆದ ವಾರ ಅವನ ಸಂಸಾರದೊಂದಿಗೆ ಪಕ್ಕದ ಯೂಟಾ ರಾಜ್ಯಕ್ಕೆ ಹೋಗಿ, ಮೋಆಬ್ ಎಂಬ ಊರಿನ ಹತ್ತಿರವಿರುವ ಆರ್ಚಸ್ ರಾಷ್ಟ್ರೀಯ ಉದ್ಯಾನವನ್ನು ಎರಡು ದಿನ ನೋಡಿ ಬಂದೆ. ನಾನು ಹುಟ್ಟಿ ಬೆಳೆದದ್ದು ಗುಳೇದಗುಡ್ಡದಲ್ಲಿ. ಬಾದಾಮಿ ಸೀಮೆಯ ಕೆಂಪು ಮರಳುಗಲ್ಲನ್ನು ಕಣ್ಣು ಬಿಟ್ಟಂದಿನಿಂದ ನೋಡಿದವನಾದ್ದರಿಂದ ಇಲ್ಲಿನ ಕಲ್ಲು ನನಗೆ ಹೊಸದೆನಿಸಲಿಲ್ಲ, ಬಣ್ಣವೂ ಹೊಸದೆನಿಸಲಿಲ್ಲ. ಬೆರಗಾಗಿಸಿದ್ದು ಅದು ತಾಳಿರುವ ಆಕಾರಗಳು. ಒಂದು ಕಡೆ ಬ್ರೆಡ್ಡಿನ ಹೋಳುಗಳನ್ನು ಸಾಲಾಗಿ ನಿಲ್ಲಿಸಿದಂತೆ ತೆಳುವಾದ ಎತ್ತರದ ಗೋಡೆಗಳು, ಇನ್ನೊಂದು ಕಡೆ ಸಣ್ಣ ಪೀಠದ ಮೇಲೆ ಕೂತ ಆನೆಗಾತ್ರದ ಬಂಡೆ, ಎಲ್ಲಕ್ಕಿಂತ ಹೆಚ್ಚಾಗಿ ಗೋಡೆಯ ನಡುವೆ ಆಕಾಶ ಕಾಣುವಂತೆ ತೆರೆದುಕೊಂಡ ಕಮಾನುಗಳು. ಮೂರು ಮೈಲಿಯ ಹೋಗಿಬರುವ ದಾರಿಯನ್ನು ಮೆಲ್ಲಗೆ ನಡೆದು ಡೆಲಿಕೇಟ್ ಆರ್ಚ್ ಎದುರು ಕುಳಿತಾಗ, ಇದನ್ನು ಯಾವ ಶಿಲ್ಪಿಯೂ ಮಾಡಿಲ್ಲವೆಂದು ಮನಸ್ಸನ್ನು ಒಪ್ಪಿಸುವುದೇ ಕಷ್ಟವಾಯಿತು.

ಮರುಭೂಮಿಯಲ್ಲಿ ಬೀಸುವ ಗಾಳಿಯು ಮರಳನ್ನು ಹೊತ್ತು ತಂದು ಉಜ್ಜಿ ಉಜ್ಜಿ ಕಲ್ಲನ್ನು ತೂತು ಮಾಡುತ್ತದೆ ಎಂದು ಶಾಲೆಯಲ್ಲಿ ಓದಿದ ನೆನಪು ನನಗಿದೆ. ಮೊಮ್ಮಗಳಿಗೂ ಹಾಗೆಯೇ ವಿವರಿಸಿದೆ. ಆದರೆ ಉದ್ಯಾನದ ಫಲಕಗಳನ್ನು ಓದಿದ ಅವಳು, ‘ಇಲ್ಲಿ ನೀರು ಎಂದು ಬರೆದಿದ್ದಾರಲ್ಲ, ಅಜ್ಜ’ ಎಂದು ನನ್ನನ್ನು ತಡೆದಳು. ಅಲ್ಲಿ ವರ್ಷಕ್ಕೆ ಬೀಳುವ ಮಳೆ 8ರಿಂದ 10 ಅಂಗುಲವಂತೆ. ನಮ್ಮ ಬರಗಾಲದ ವರ್ಷಕ್ಕೂ ಅದು ಸಾಲದು. ಅಷ್ಟು ಕಡಿಮೆ ನೀರು ಇಷ್ಟು ದೊಡ್ಡ ಕೆಲಸ ಮಾಡಿದ್ದಾದರೂ ಹೇಗೆ? ಎರಡನೆಯದಾಗಿ, ಅದೇ ಮರಳುಗಲ್ಲು ನಮ್ಮ ಬಾದಾಮಿಯಲ್ಲೂ ಇರುವಾಗ ಅಲ್ಲಿ ಇಂತಹ ಕಮಾನುಗಳು ಸಾಲುಗಟ್ಟಿ ಏಕೆ ಆಗಲಿಲ್ಲ? ಕೊನೆಯ ಪ್ರಶ್ನೆ ನನ್ನ ಮಟ್ಟಿಗೆ ದೊಡ್ಡದು: ಕಲ್ಲು ಸವೆದು ತೂತಾದ ಮೇಲೆ ಮೇಲ್ಭಾಗವು ಆಗಲೇ ಕುಸಿದು ಬೀಳಬೇಕಿತ್ತಲ್ಲವೆ? ಸವೆತವೆಂಬುದು ಕಲ್ಲನ್ನು ದುರ್ಬಲಗೊಳಿಸುವ ಕೆಲಸವಾದರೆ, ಅದು ಇಷ್ಟು ಅಚ್ಚುಕಟ್ಟಾದ ಕಮಾನನ್ನು ಉಳಿಸಿ ಹೋಗುವುದು ಹೇಗೆ?

ತಿಳಿದವರು ದಯವಿಟ್ಟು ವಿವರಿಸಬೇಕು. ಮೊಮ್ಮಗಳಿಗೆ ನಾನು ಉತ್ತರ ಬಾಕಿ ಇಟ್ಟುಕೊಂಡಿದ್ದೇನೆ.

ಹಳೆಯ ಮೇಷ್ಟ್ರು

ಗುಳೇದಗುಡ್ಡದವರೇ, ನಿಮ್ಮ ಮೊಮ್ಮಗಳು ಸರಿಯಾಗಿ ಓದಿದ್ದಾಳೆ. ಕಾಲೇಜಿನಲ್ಲಿ ಭೂವಿಜ್ಞಾನ ಪಾಠ ಮಾಡುತ್ತಿದ್ದಾಗ ಪ್ರತಿ ವರ್ಷವೂ ನನ್ನ ವಿದ್ಯಾರ್ಥಿಗಳ ತಲೆಯಿಂದ ಮೊದಲು ತೆಗೆಯಬೇಕಾಗಿದ್ದುದು ಈ ಗಾಳಿಯ ಕಥೆಯನ್ನೇ. ಗಾಳಿಯು ಮರಳಿನ ಕಣಗಳನ್ನು ಎತ್ತಿ ಎಸೆಯುವುದು ನಿಜವಾದರೂ, ಕಲ್ಲನ್ನು ಉಜ್ಜಬಲ್ಲಷ್ಟು ತೂಕದ ಕಣಗಳು ನೆಲದಿಂದ ಹೆಚ್ಚೆಂದರೆ ನಮ್ಮ ಸೊಂಟದೆತ್ತರದವರೆಗೆ ನೆಗೆಯುತ್ತವೆ. ಡೆಲಿಕೇಟ್ ಆರ್ಚಿನ ತೆರಪು 46 ಅಡಿ ಎತ್ತರವಿದೆ. ಅಷ್ಟು ಮೇಲಿನ ಕಲ್ಲನ್ನು ಗಾಳಿಯ ಮರಳು ಹೋಗಿ ಕೊರೆಯುವುದು ಆಗದ ಮಾತು. ಅಲ್ಲಿ ಗಾಳಿಯ ಪಾತ್ರವೆಂದರೆ ಕಸ ಗುಡಿಸುವುದು: ಬೇರೆ ಯಾರೋ ಸಡಿಲಿಸಿಟ್ಟ ಕಣಗಳನ್ನು ಅದು ಆಚೆಗೆ ಒಯ್ಯುತ್ತದೆ.

ಆ ‘ಬೇರೆ ಯಾರೋ’ ನೀರು. ಮರಳುಗಲ್ಲನ್ನು ಗಾರೆ ಹಾಕಿ ಕಟ್ಟಿದ ಮರಳು ಎಂದು ತಿಳಿಯಿರಿ. ಕಣಗಳು ಸ್ಫಟಿಕಶಿಲೆಯವು, ಅಂದರೆ ಬಲು ಗಟ್ಟಿ. ಅವುಗಳ ನಡುವಿನ ಗಾರೆ ಮಾತ್ರ ಈ ಉದ್ಯಾನದ ಎಂಟ್ರಾಡಾ ಮರಳುಗಲ್ಲಿನಲ್ಲಿ ಬಹುಮಟ್ಟಿಗೆ ಕ್ಯಾಲ್ಸೈಟ್, ಅಂದರೆ ಸುಣ್ಣದ ಜಾತಿಯ ಖನಿಜ. ಮಳೆಹನಿಯು ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಬಹಳ ಸೌಮ್ಯವಾದ ಆಮ್ಲವಾಗಿರುತ್ತದೆ. ಅದು ಕಲ್ಲಿನ ರಂಧ್ರಗಳಲ್ಲಿ ಇಂಗಿ, ಸುಣ್ಣದ ಗಾರೆಯನ್ನು ಚೂರುಚೂರೇ ಕರಗಿಸುತ್ತದೆ. ಗಾರೆ ಹೋದ ಕಣ ಕೈಯಿಂದ ಮುಟ್ಟಿದರೆ ಉದುರುತ್ತದೆ. ಇದರ ಜೊತೆಗೆ ಚಳಿಗಾಲದ ಕೆಲಸವೊಂದಿದೆ. ಅಲ್ಲಿ ಚಳಿಗಾಲದ ರಾತ್ರಿ ನೀರು ಹೆಪ್ಪುಗಟ್ಟುತ್ತದೆ, ಹಗಲಿಗೆ ಕರಗುತ್ತದೆ. ಹೆಪ್ಪುಗಟ್ಟುವಾಗ ನೀರಿನ ಗಾತ್ರವು ಶೇಕಡಾ 9ರಷ್ಟು ಹಿಗ್ಗುವುದರಿಂದ, ಬಿರುಕಿನೊಳಗೆ ಕುಳಿತ ನೀರು ಪ್ರತಿ ರಾತ್ರಿಯೂ ಬೆಣೆ ಹೊಡೆದಂತೆ ಕಲ್ಲನ್ನು ಅಗಲಿಸುತ್ತದೆ. ನಮ್ಮ ಕಲ್ಲುಕುಟಿಗರು ಬಂಡೆಯಲ್ಲಿ ಸಾಲಾಗಿ ಗುಳಿ ತೋಡಿ, ಒಣಮರದ ಬೆಣೆ ಜಡಿದು, ಅದಕ್ಕೆ ನೀರು ಹಾಕಿ ಬಂಡೆ ಸೀಳುತ್ತಿದ್ದ ಉಪಾಯವನ್ನು ನೀವು ಕೇಳಿರಬಹುದು. ತತ್ವ ಅದೇ.

ಮಳೆ ಕಡಿಮೆಯಲ್ಲವೇ ಎಂಬ ನಿಮ್ಮ ಆಕ್ಷೇಪವನ್ನು ನಾನು ತಿರುಗಿಸಿ ಹೇಳುತ್ತೇನೆ. ಮಳೆ ಕಡಿಮೆ ಇರುವುದರಿಂದಲೇ ಆ ಆಕಾರಗಳು ಕಣ್ಣಿಗೆ ಉಳಿದಿವೆ. ನಮ್ಮ ಮಲೆನಾಡಿನಷ್ಟು ಮಳೆ ಅಲ್ಲಿ ಸುರಿದಿದ್ದರೆ, ಸುಣ್ಣದ ಗಾರೆಯ ಆ ಕಲ್ಲು ಎಂದೋ ಕರಗಿ, ಮಣ್ಣಾಗಿ, ಮಣ್ಣಿನ ಮೇಲೆ ಕಾಡು ಬೆಳೆದು, ದುಂಡನೆಯ ಹಸಿರು ಗುಡ್ಡಗಳಷ್ಟೇ ಕಾಣುತ್ತಿದ್ದವು. ಸ್ವಲ್ಪವೇ ನೀರು ಬಿದ್ದಾಗ ಅದು ಎಲ್ಲ ಕಡೆಯೂ ಕೆಲಸ ಮಾಡುವುದಿಲ್ಲ. ನೆರಳಿರುವಲ್ಲಿ, ಬಿರುಕಿನ ತಳದಲ್ಲಿ, ಎರಡು ಪದರಗಳು ಕೂಡುವ ಗೆರೆಯಲ್ಲಿ ಮಾತ್ರ ಒಂದಿಷ್ಟು ಹೊತ್ತು ನಿಂತು ಅಲ್ಲಷ್ಟೇ ಕೊರೆಯುತ್ತದೆ. ಹಾಗೆ ಒಂದೊಂದು ಕಡೆ ಆರಿಸಿ ಸವೆಸುವುದರಿಂದಲೇ ಇಂತಹ ವಿಚಿತ್ರ ರೂಪಗಳು ಹುಟ್ಟುತ್ತವೆ.

ಇನ್ನು ಬಾದಾಮಿಯಲ್ಲಿ ಏಕಿಲ್ಲ ಎಂಬ ಪ್ರಶ್ನೆ. ಇದಕ್ಕೆ ಉತ್ತರವು ಮರಳುಗಲ್ಲಿನಲ್ಲಿಲ್ಲ, ಅದರ ಕೆಳಗಿರುವ ಉಪ್ಪಿನಲ್ಲಿದೆ, ಮತ್ತು ಈ ಉದ್ಯಾನದ ಕಥೆಯಲ್ಲಿ ನನಗೆ ಅತ್ಯಂತ ಪ್ರಿಯವಾದ ಭಾಗವೂ ಇದೇ. ಸುಮಾರು 30 ಕೋಟಿ ವರ್ಷಗಳ ಹಿಂದೆ ಆ ತಗ್ಗಿಗೆ ಸಮುದ್ರದ ನೀರು ನುಗ್ಗುವುದು, ಆವಿಯಾಗಿ ಉಪ್ಪನ್ನು ಬಿಟ್ಟು ಹೋಗುವುದು, ಮತ್ತೆ ನುಗ್ಗುವುದು ಹೀಗೆ ಹತ್ತಾರು ಬಾರಿ ನಡೆದು, ಸಾವಿರಾರು ಅಡಿ ದಪ್ಪದ ಉಪ್ಪಿನ ಹಾಸು ತಳದಲ್ಲಿ ಕೂತಿತು. ಭೂವಿಜ್ಞಾನಿಗಳು ಅದನ್ನು ಪ್ಯಾರಡಾಕ್ಸ್ ಶಿಲಾಸ್ತರ ಎನ್ನುತ್ತಾರೆ. ಅದರ ಮೇಲೆ ನದಿಗಳ ಹೂಳು, ಮರುಭೂಮಿಯ ಮರಳುದಿಬ್ಬಗಳು ಒಂದರ ಮೇಲೊಂದು ಪೇರಿಕೊಂಡವು. ನೀವು ಕಂಡ ಎಂಟ್ರಾಡಾ ಮರಳುಗಲ್ಲು ಜುರಾಸಿಕ್ ಯುಗದ್ದು, ಅಂದಾಜು 16 ಕೋಟಿ ವರ್ಷ ಹಳೆಯದು. ಒಂದು ಮೈಲಿಗೂ ಮಿಕ್ಕಿದ ದಪ್ಪದ ಕಲ್ಲಿನ ಭಾರ ಬಿದ್ದಾಗ ಉಪ್ಪು ಕಲ್ಲಿನ ಹಾಗೆ ಸುಮ್ಮನೆ ಕೂರುವುದಿಲ್ಲ. ಹಲ್ಲುಜ್ಜುವ ಪೇಸ್ಟಿನ ಕೊಳವೆಯನ್ನು ಒತ್ತಿದಂತೆ, ಅದು ನಿಧಾನವಾಗಿ ಒತ್ತಡ ಕಡಿಮೆಯಿರುವತ್ತ ಹರಿದು ಉಬ್ಬಿತು, ಮೇಲಿನ ಪದರಗಳನ್ನು ಬೆನ್ನಿನ ಹಾಗೆ ಬಾಗಿಸಿ ಎತ್ತಿತು.

ಬಾಗಿದ ರೊಟ್ಟಿಯ ಹೊರಮೈ ಬಿರಿಯುವಂತೆ, ಬಾಗಿದ ಮರಳುಗಲ್ಲಿನ ಮೇಲ್ಮೈಯಲ್ಲಿ ಒಂದಕ್ಕೊಂದು ಸಮಾನಾಂತರವಾದ ಸೀಳುಗಳು ಮೂಡಿದವು. ಮುಂದೆ ಮೇಲಿನ ಪದರಗಳು ಸವೆದು ಹೋಗಿ ಅಂತರ್ಜಲವು ಉಪ್ಪನ್ನು ಮುಟ್ಟಿ ಕರಗಿಸಿದಾಗ, ಉಬ್ಬಿದ ಬೆನ್ನಿನ ನಡುಭಾಗ ಕುಸಿದು ಸಾಲ್ಟ್ ವ್ಯಾಲಿ ಎಂಬ ಕಣಿವೆಯಾಯಿತು. ಅದರ ಅಂಚಿನಲ್ಲಿ ನಿಂತ ಕಲ್ಲು ಮತ್ತಷ್ಟು ಸೀಳಿತು. ಸೀಳುಗಳ ನಡುವಿನ ಅಂತರ ಅನೇಕ ಕಡೆ ಹತ್ತಿಪ್ಪತ್ತು ಅಡಿ ಮಾತ್ರ. ನೀರು ಆ ಸೀಳುಗಳಲ್ಲಿ ಇಳಿದು ಅವುಗಳನ್ನು ಓಣಿಗಳನ್ನಾಗಿ ಅಗಲಿಸಿತು, ನಡುವೆ ಉಳಿದದ್ದೇ ನೀವು ಬ್ರೆಡ್ಡಿನ ಹೋಳುಗಳಿಗೆ ಹೋಲಿಸಿದ ಗೋಡೆಗಳು. ಅಲ್ಲಿಯವರು ಅವನ್ನು ‘ಫಿನ್’, ಅಂದರೆ ಮೀನಿನ ಈಜುರೆಕ್ಕೆ ಎಂದು ಕರೆಯುತ್ತಾರೆ. ದಪ್ಪ ಬಂಡೆಯಲ್ಲಿ ಆರುಪಾರು ತೂತಾಗುವುದು ದುರ್ಲಭ, ತೆಳುವಾದ ಗೋಡೆಯಲ್ಲಿ ಸುಲಭ. ಆದ್ದರಿಂದ ಉಪ್ಪಿಲ್ಲದೆ ಒತ್ತೊತ್ತಾದ ಸೀಳುಗಳಿಲ್ಲ, ಸೀಳುಗಳಿಲ್ಲದೆ ಗೋಡೆಗಳಿಲ್ಲ, ಗೋಡೆಗಳಿಲ್ಲದೆ ಕಮಾನುಗಳಿಲ್ಲ. ಬಾದಾಮಿಯ ಕೆಳಗೆ ಅಂತಹ ಉಪ್ಪಿನ ಹಾಸು ಇಲ್ಲ. ಅಲ್ಲಿನ ಕಲ್ಲಿನ ಗಾರೆ ಕೂಡ ಬೇರೆ, ಹೆಚ್ಚಾಗಿ ಸಿಲಿಕಾ. ಮಳೆನೀರಿಗೆ ಅದು ಸುಣ್ಣದಂತೆ ಕರಗುವುದಿಲ್ಲ. 578ರಲ್ಲಿ ಕೊರೆದ ಮೂರನೆಯ ಗುಹೆಯ ಶಿಲ್ಪಗಳಲ್ಲಿ ಇಂದಿಗೂ ಒಡವೆಗಳ ಕುಸುರಿ ಕಾಣುವುದಕ್ಕೆ ಅದು ಒಂದು ಕಾರಣ. (ಕಲ್ಲಿನ ಆಸರೆಯೊಳಗೆ ಇರುವುದೂ ಇನ್ನೊಂದು ಕಾರಣವೆನ್ನಿ.)

ಪೀಠದ ಮೇಲಿನ ಬಂಡೆಯ ಬಗ್ಗೆ ಎರಡು ಮಾತು. ಅದು ಬ್ಯಾಲೆನ್ಸ್ಡ್ ರಾಕ್, ಒಟ್ಟು ಎತ್ತರ 128 ಅಡಿ. ಮೇಲಿರುವುದು ಎಂಟ್ರಾಡಾದ ಗಟ್ಟಿ ಕಲ್ಲು, ಪೀಠವು ಡ್ಯೂಯಿ ಬ್ರಿಜ್ ಎಂಬ ಜೇಡಿಮಿಶ್ರಿತ ಮೆದುವಾದ ಪದರ. ಮೆದುವಾದದ್ದು ಬೇಗ ಸವೆಯುತ್ತದೆ, ಗಟ್ಟಿಯಾದದ್ದು ಕೊಡೆಯ ಹಾಗೆ ಉಳಿಯುತ್ತದೆ. ವಿಂಡೋಸ್ ಎಂಬ ಭಾಗದ ಅನೇಕ ಕಮಾನುಗಳು ಇದೇ ಎರಡು ಪದರಗಳು ಸೇರುವ ಗೆರೆಯಲ್ಲಿಯೇ ಮೊದಲು ಗೂಡಾಗಿ, ಆಮೇಲೆ ತೆರೆದುಕೊಂಡಿವೆ.

ನಿಮ್ಮ ಕೊನೆಯ ಪ್ರಶ್ನೆಯನ್ನು ನನಗಿಂತ ಚೆನ್ನಾಗಿ ಬಿಡಿಸಬಲ್ಲವರು ಇಲ್ಲಿದ್ದಾರೆ. ಅವರಿಗಾಗಿ ಬಿಟ್ಟಿದ್ದೇನೆ.

ತೊಲೆಕಂಬ

ಮೇಷ್ಟ್ರು ಸೂಚಿಸಿದ್ದು ನನ್ನನ್ನೇ ಇರಬೇಕು. ನಾನು ಕಟ್ಟಡಗಳ ವಿನ್ಯಾಸ ಮಾಡುವ ಎಂಜಿನಿಯರ್, ಭೂವಿಜ್ಞಾನ ನನ್ನ ವೃತ್ತಿಯಲ್ಲ. ಆದರೆ ತೂತಾದ ಗೋಡೆ ಏಕೆ ಬೀಳಲಿಲ್ಲವೆಂಬುದು ನಮ್ಮ ದಿನನಿತ್ಯದ ಪ್ರಶ್ನೆ.

ಕಲ್ಲನ್ನು ಅದುಮಿದರೆ ತಡೆಯುತ್ತದೆ, ಎಳೆದರೆ ಬಿರಿಯುತ್ತದೆ. ಎಳೆತವನ್ನು ತಡೆಯುವ ಅದರ ಶಕ್ತಿಯು ಅದುಮುವಿಕೆಯನ್ನು ತಡೆಯುವ ಶಕ್ತಿಯ ಹತ್ತನೇ ಒಂದು ಪಾಲಿನಷ್ಟೂ ಇರುವುದು ಕಷ್ಟ. ಐಹೊಳೆ, ಪಟ್ಟದಕಲ್ಲುಗಳ ದೇಗುಲಗಳಲ್ಲಿ ಕಂಬಗಳು ಏಕೆ ಅಷ್ಟು ಹತ್ತಿರ ಹತ್ತಿರ ನಿಂತಿವೆ ಎಂದು ನೀವು ಯೋಚಿಸಿದ್ದರೆ, ಕಾರಣ ಇದೇ: ಅಡ್ಡ ಮಲಗಿಸಿದ ಕಲ್ಲಿನ ತೊಲೆಯ ತಳಭಾಗವು ಸದಾ ಎಳೆತಕ್ಕೆ ಸಿಕ್ಕಿರುತ್ತದೆ, ಉದ್ದ ಹೆಚ್ಚಾದರೆ ನಡುವೆ ಬಿರಿಯುತ್ತದೆ. ಈಗ ಗೋಡೆಯ ಬುಡದಲ್ಲಿ ನೀರು ಒಂದು ಗೂಡನ್ನು ಕೊರೆಯಿತೆನ್ನಿ. ಗೂಡಿನ ಮೇಲಿನ ಕಲ್ಲು ತೊಲೆಯಂತಾಗುತ್ತದೆ, ಅದರ ತಳಭಾಗ ಬಿರಿದು ಚಕ್ಕೆ ಚಕ್ಕೆಯಾಗಿ ಉದುರುತ್ತದೆ. ಉದುರುವುದು ಎಲ್ಲಿಯವರೆಗೆ? ಮೇಲಿನ ಭಾರವೆಲ್ಲ ಬಾಗಿದ ಗೆರೆಯೊಂದರಲ್ಲಿ ಎರಡೂ ಬದಿಗೆ ಇಳಿದು, ಉಳಿದ ಕಲ್ಲಿನಲ್ಲಿ ಅದುಮುವಿಕೆ ಮಾತ್ರ ಉಳಿಯುವವರೆಗೆ. ಆ ಬಾಗಿದ ಗೆರೆಯೇ ಕಮಾನು. ಅಂದರೆ ಕುಸಿತವು ಕಮಾನಿಗೆ ಎದುರಾದದ್ದಲ್ಲ. ಬೀಳಬೇಕಾದ ಕಲ್ಲೆಲ್ಲ ಬಿದ್ದ ಮೇಲೆ ಬೀಳಲಾರದೆ ನಿಂತದ್ದನ್ನು ನಾವು ಕಮಾನು ಎನ್ನುತ್ತೇವೆ. ಗಾರೆ ಕೆಲಸದವನು ಮೊದಲು ಆಕಾರ ಕೊಟ್ಟು ಆಮೇಲೆ ಭಾರ ಹೊರಿಸುತ್ತಾನೆ. ಇಲ್ಲಿ ಭಾರ ಮೊದಲಿನಿಂದಲೂ ಇತ್ತು, ಅದಕ್ಕೆ ಹೊಂದುವ ಆಕಾರ ಆಮೇಲೆ ಬಂತು.

ಇಲ್ಲಿಯವರೆಗಿನದು ಹಳೆಯ ತಿಳಿವಳಿಕೆ. 2014ರಲ್ಲಿ ಪ್ರಾಗ್ ನಗರದ ಚಾರ್ಲ್ಸ್ ವಿಶ್ವವಿದ್ಯಾಲಯದ ಯಿರ್ಜಿ ಬ್ರುಥಾನ್ಸ್ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಯೋಗವೊಂದು ಈ ಮಾತನ್ನು ಇನ್ನೂ ಒಂದು ಹೆಜ್ಜೆ ಮುಂದಕ್ಕೆ ಒಯ್ದಿತು. ಜೆಕ್ ದೇಶದ ಸ್ಟ್ರೆಲೆಚ್ ಎಂಬಲ್ಲಿನ ಕಲ್ಲುಗಣಿಯಲ್ಲಿ ಒಂದು ವಿಶಿಷ್ಟ ಮರಳುಗಲ್ಲು ಸಿಗುತ್ತದೆ. ಅದರಲ್ಲಿ ಗಾರೆ ಎಂಬುದು ಇಲ್ಲವೇ ಇಲ್ಲವೆನ್ನಬಹುದು. ಕಣಗಳು ಒಂದರ ಮೂಲೆಗೊಂದು ಸಿಕ್ಕಿಕೊಂಡು ನಿಂತಿರುವುದಷ್ಟೆ. ಅದರ ತುಂಡನ್ನು ಸುಮ್ಮನೆ ನೀರಿಗೆ ಹಾಕಿದರೆ ಸಕ್ಕರೆಯಂತೆ ಉದುರಿ ಮರಳಾಗುತ್ತದೆ. ಅವರು ತುಂಡಿನ ಮೇಲೆ ಭಾರವಿಟ್ಟು, ಆಮೇಲೆ ನೀರಿನಿಂದ ಸವೆಸಿ ನೋಡಿದರು. ಅಂಚುಗಳು ಉದುರಿದವು, ಅಂಚು ಹೋದಂತೆ ಉಳಿದ ಸಣ್ಣ ಭಾಗದ ಮೇಲೆ ಬೀಳುವ ಒತ್ತಡ ಏರಿತು, ಒತ್ತಡ ಒಂದು ಮಟ್ಟ ಮುಟ್ಟಿದಾಗ ಕಣಗಳು ಒಂದನ್ನೊಂದು ಬಿಗಿಯಾಗಿ ಹಿಡಿದುಕೊಂಡು, ಸವೆತ ನಿಂತೇಹೋಯಿತು. ಭಾರ ತೆಗೆದೊಡನೆ ಮಿಕ್ಕದ್ದೂ ಉದುರಿತು. ತುಂಡಿನಲ್ಲಿ ಮೊದಲೇ ಸಣ್ಣ ಸೀಳನ್ನೋ ಕಚ್ಚನ್ನೋ ಮಾಡಿಟ್ಟರೆ, ಅದು ಇರುವ ಜಾಗಕ್ಕೆ ತಕ್ಕಂತೆ ಕಂಬ, ಗೂಡು, ಕಮಾನು ಎಲ್ಲವೂ ಪ್ರಯೋಗಶಾಲೆಯ ಮೇಜಿನ ಮೇಲೆಯೇ ರೂಪುಗೊಂಡವು.

ಭಾರ ಹೊತ್ತ ಕಲ್ಲು ಸವೆಯುವುದಿಲ್ಲ, ಹೊರದ ಕಲ್ಲು ಸವೆಯುತ್ತದೆ. ನಾನು ಇದನ್ನು ಮೊದಲ ಬಾರಿ ಓದಿದಾಗ ಕೊಂಚ ಅವಮಾನವೇ ಆಯಿತೆನ್ನಬೇಕು. ಎಲ್ಲಿ ಒತ್ತಡವಿಲ್ಲವೋ ಅಲ್ಲಿನ ಸಾಮಗ್ರಿಯನ್ನು ಕಂಪ್ಯೂಟರಿನಲ್ಲಿ ಅಳಿಸುತ್ತಾ ಹೋಗಿ ಹಗುರವಾದ ವಿನ್ಯಾಸ ಹುಡುಕುವ ವಿಧಾನವನ್ನು ನಾವು ಹೊಸ ಸಾಧನೆಯೆಂದು ಕರೆಯುತ್ತೇವೆ. ಆ ಗೋಡೆಗಳು ಅದನ್ನು ಯಾವ ಲೆಕ್ಕವೂ ಇಲ್ಲದೆ ಮಾಡುತ್ತಿವೆ. ಹಾಗೆಂದು ಈ ಒಂದು ಪ್ರಯೋಗದಿಂದ ಎಲ್ಲ ಕಮಾನಿನ ಎಲ್ಲ ಗುಟ್ಟೂ ಬಯಲಾಯಿತೆಂದು ನಾನು ಹೇಳುತ್ತಿಲ್ಲ. ಎಂಟ್ರಾಡಾ ಕಲ್ಲಿನಲ್ಲಿ ಗಾರೆ ಇದೆ, ಸೀಳುಗಳಿವೆ, ಪದರಗಳಿವೆ. ಎಲ್ಲಿ ತೂತಾಗಬೇಕೆಂಬುದನ್ನು ಅವು ನಿರ್ಧರಿಸುತ್ತವೆ. ತೂತಾದ ಮೇಲೆ ಆಕಾರ ಏನಾಗಬೇಕೆಂಬುದನ್ನು ಭಾರ ನಿರ್ಧರಿಸುತ್ತದೆ ಎಂದು ನಾನು ಅರ್ಥ ಮಾಡಿಕೊಂಡಿದ್ದೇನೆ.

ಗುಳೇದಗುಡ್ಡದವ

ಇಬ್ಬರಿಗೂ ಕೃತಜ್ಞತೆಗಳು. ಉಪ್ಪಿನ ಭಾಗವನ್ನು ಓದಿ ಹೇಳಿದಾಗ ಮೊಮ್ಮಗಳು ಅಡಿಗೆಮನೆಯಿಂದ ಉಪ್ಪಿನ ಡಬ್ಬಿ ತಂದು ಅದರ ಮೇಲೆ ಪುಸ್ತಕಗಳನ್ನು ಹೇರಿ ನೋಡಿದಳು. ಉಪ್ಪು ಹರಿಯಲಿಲ್ಲ, ಮನೆಯವರಿಂದ ಬೈಸಿಕೊಂಡದ್ದು ನಾನು.

ಆದರೆ ತೊಲೆಕಂಬದವರ ಮಾತಿನಿಂದ ನನಗೊಂದು ಹೊಸ ಗೊಂದಲ ಹುಟ್ಟಿದೆ. ಭಾರವೇ ಕಮಾನನ್ನು ಕಾಯುವುದಾದರೆ ಅದು ಎಂದೆಂದಿಗೂ ನಿಲ್ಲಬೇಕು. ಆದರೆ ಡೆವಿಲ್ಸ್ ಗಾರ್ಡನ್ ಭಾಗದಲ್ಲಿ ನಾವು ನಡೆಯುವಾಗ, ಇಲ್ಲೊಂದು ಕಮಾನಿತ್ತು, ಬಿದ್ದುಹೋಯಿತು ಎಂದು ಒಬ್ಬರು ತೋರಿಸಿದರು. ಅಲ್ಲಿಯೇ ಮುಂದೆ ದಾರದಂತೆ ತೆಳುವಾಗಿ ಚಾಚಿದ ಲ್ಯಾಂಡ್‌ಸ್ಕೇಪ್ ಆರ್ಚ್ ಇದೆ, ಅದರ ಕೆಳಗೆ ಹೋಗಲು ಬಿಡುವುದಿಲ್ಲ. ಹಾಗಾದರೆ ಸಂರಕ್ಷಿತ ಉದ್ಯಾನವೆಂದು ಬೇಲಿ ಹಾಕಿ ಅಲ್ಲಿ ಕಾಯುತ್ತಿರುವುದು ಏನನ್ನು? ಸವೆತವನ್ನು ತಡೆಯಲು ಅವರು ಏನಾದರೂ ಮಾಡುತ್ತಾರೆಯೆ?

ಉಪ್ಪುಕೆರೆಯ ಕನ್ನಡಿಗ

ನಾನು ಸಾಲ್ಟ್ ಲೇಕ್ ಸಿಟಿಯಲ್ಲಿ ನೆಲೆಸಿ ಬಹಳ ವರ್ಷಗಳಾದವು, ಊರಿನಿಂದ ಬಂದ ನೆಂಟರನ್ನೆಲ್ಲ ಕರೆದುಕೊಂಡು ಹೋಗಿ ಹೋಗಿ ಆ ಉದ್ಯಾನದ ದಾರಿಗಳು ನನಗೆ ಬಾಯಿಪಾಠವಾಗಿವೆ. ಆದ್ದರಿಂದ ಈ ಭಾಗಕ್ಕೆ ನಾನು ಉತ್ತರಿಸುತ್ತೇನೆ.

ನಿಮಗೆ ತೋರಿಸಿದ್ದು ವಾಲ್ ಆರ್ಚ್ ಇದ್ದ ಜಾಗ. 71 ಅಡಿ ಅಗಲದ ಆ ಕಮಾನು 2008ರ ಆಗಸ್ಟ್ 4ರ ರಾತ್ರಿ ಯಾರ ಕಣ್ಣಿಗೂ ಬೀಳದೆ ಕುಸಿಯಿತು. ಬೆಳಿಗ್ಗೆ ನೋಡಿದರೆ ನಡೆಯುವ ದಾರಿಯ ಮೇಲೆ ಬಂಡೆಗಳ ರಾಶಿ. ಅಂದು ಮಳೆಗಾಳಿಯ ಅಬ್ಬರವೇನಾದರೂ ಇತ್ತೇ ಎಂದು ಎಲ್ಲರೂ ಮೊದಲು ಕೇಳುತ್ತಾರೆ. ಆದರೆ ಕೊನೆಯ ಕಣ ಸಡಿಲವಾಗಲು ನೆಪವೇನೂ ಬೇಕಿಲ್ಲ. ಭಾರವು ಕಣಗಳನ್ನು ಹಿಡಿದಿಟ್ಟರೂ ಗಾರೆ ಕರಗುವುದು, ಬಿರುಕಿನಲ್ಲಿ ಹಿಮ ಕಟ್ಟುವುದು ನಿಲ್ಲುವುದಿಲ್ಲ. ತೊಲೆಕಂಬದವರು ಹೇಳಿದ ಅದುಮುವಿಕೆಯ ಗೆರೆಯನ್ನು ಒಂದು ಬಿರುಕು ಅಡ್ಡವಾಗಿ ಕತ್ತರಿಸಿದರೆ ಆಯಿತು, ಕಮಾನು ಅಲ್ಲಿಗೆ ಮುಗಿಯಿತು.

ಲ್ಯಾಂಡ್‌ಸ್ಕೇಪ್ ಆರ್ಚಿನ ಕಥೆ ಇನ್ನೂ ಸ್ಪಷ್ಟವಾದದ್ದು. ಅದರ ಹರವು 306 ಅಡಿ, ಉತ್ತರ ಅಮೆರಿಕದಲ್ಲಿಯೇ ಅತಿ ಉದ್ದದ್ದು. ಅತಿ ತೆಳುವಾದ ಕಡೆ ದಪ್ಪವು ಆರು ಅಡಿಯ ಆಸುಪಾಸಿನಲ್ಲಿದೆ. 1991ರ ಸೆಪ್ಟೆಂಬರಿನಲ್ಲಿ ಅದರ ಕೆಳಮೈಯಿಂದ ಸುಮಾರು 60 ಅಡಿ ಉದ್ದದ ಚಪ್ಪಡಿಯೊಂದು ಕಳಚಿ ಬಿತ್ತು. ಆಗ ಕೆಳಗೆ ವಿಶ್ರಮಿಸುತ್ತಿದ್ದ ಪ್ರವಾಸಿಗರು ಕಲ್ಲು ಸಿಡಿಯುವ ಸದ್ದು ಕೇಳಿ ಓಡಿದ್ದರಿಂದ ಯಾರಿಗೂ ಅಪಾಯವಾಗಲಿಲ್ಲ. ಕೆಳಗಿನ ದಾರಿ ಮುಚ್ಚಿದ್ದು ಅಂದಿನಿಂದ. ಅಷ್ಟು ಕಲ್ಲು ಬಿದ್ದ ಮೇಲೂ ಕಮಾನು ನಿಂತಿದೆ. ಅದೇ ಭಾಗದ ಸ್ಕೈಲೈನ್ ಆರ್ಚಿನಲ್ಲಿ 1940ರಲ್ಲಿ ದೊಡ್ಡ ಬಂಡೆಯೊಂದು ಉದುರಿದಾಗ ತೆರಪು ಇದ್ದದ್ದು ಹೆಚ್ಚುಕಡಿಮೆ ಇಮ್ಮಡಿಯಾಯಿತು. ಅಲ್ಲಿಯೂ ಕಮಾನು ಉಳಿಯಿತು. ಬ್ಯಾಲೆನ್ಸ್ಡ್ ರಾಕಿನ ಪಕ್ಕದಲ್ಲಿ ಅದರ ಮರಿಯಂತಿದ್ದ ಇನ್ನೊಂದು ಬಂಡೆ ಮಾತ್ರ 1975-76ರ ಚಳಿಗಾಲದಲ್ಲಿ ಪೀಠದಿಂದ ಕೆಳಗುರುಳಿತು.

ಸವೆತವನ್ನು ತಡೆಯುವ ಯೋಚನೆ ಒಮ್ಮೆ ನಿಜವಾಗಿಯೂ ಬಂದಿತ್ತು. 1950ರ ದಶಕದಲ್ಲಿ ಡೆಲಿಕೇಟ್ ಆರ್ಚಿನ ಒಂದು ಕಾಲು ಸೊರಗುತ್ತಿರುವುದನ್ನು ಕಂಡು, ಅದಕ್ಕೆ ಪಾರದರ್ಶಕ ಪ್ಲಾಸ್ಟಿಕ್ ಲೇಪ ಹಚ್ಚಿ ಗಟ್ಟಿ ಮಾಡಬಹುದೇ ಎಂದು ರಾಷ್ಟ್ರೀಯ ಉದ್ಯಾನಗಳ ಇಲಾಖೆಯವರು ಪರಿಶೀಲಿಸಿದರು. ಅದು ಕಾರ್ಯಸಾಧ್ಯವಲ್ಲ, ಉದ್ಯಾನದ ತತ್ವಕ್ಕೂ ಸಲ್ಲದು ಎಂದು ಕೈಬಿಟ್ಟರು. ಒಳ್ಳೆಯದೇ ಆಯಿತೆಂದು ನನ್ನ ಅಭಿಪ್ರಾಯ. ಕಲ್ಲಿನೊಳಗಿನ ತೇವ ಹೊರಬರಲಾರದೆ ಲೇಪದ ಹಿಂದೆಯೇ ಹೆಪ್ಪುಗಟ್ಟಿದ್ದರೆ ಏನಾಗುತ್ತಿತ್ತೆಂದು ಮೇಷ್ಟ್ರೇ ಹೇಳಲಿ.

ಹಾಗಾದರೆ ಕಾಯುವುದು ಏನನ್ನು ಎಂದಿರಿ. ನನಗೆ ತಿಳಿದಂತೆ ಅವರು ಕಲ್ಲನ್ನು ನಿಸರ್ಗದಿಂದ ಕಾಯುವುದಿಲ್ಲ, ನಮ್ಮಿಂದ ಕಾಯುತ್ತಾರೆ. 1929ರಲ್ಲಿ ಅಧ್ಯಕ್ಷ ಹೂವರ್ ಅವರು ಇದನ್ನು ಮೊದಲು ರಾಷ್ಟ್ರೀಯ ಸ್ಮಾರಕವೆಂದು ಘೋಷಿಸಿದಾಗ ಅದರೊಳಗಿದ್ದದ್ದು ಬಿಡಿಬಿಡಿಯಾದ ಎರಡು ಸಣ್ಣ ಭಾಗಗಳು ಮಾತ್ರ. ಇಂದು ಯೂಟಾದ ವಾಹನಗಳ ನಂಬರ್ ಪ್ಲೇಟಿನ ಮೇಲೆ ಕಾಣುವ ಡೆಲಿಕೇಟ್ ಆರ್ಚ್ ಕೂಡ ಅಂದು ಹೊರಗಿತ್ತು. 1938ರಲ್ಲಿ ಗಡಿ ವಿಸ್ತರಿಸಿದಾಗ ಒಳಗೆ ಬಂತು. ರಾಷ್ಟ್ರೀಯ ಉದ್ಯಾನವಾದದ್ದು 1971ರಲ್ಲಿ. 2006ರಲ್ಲಿ ಪರ್ವತಾರೋಹಿಯೊಬ್ಬರು ಡೆಲಿಕೇಟ್ ಆರ್ಚನ್ನು ಏರಿದ್ದು ದೊಡ್ಡ ವಿವಾದವಾಗಿ, ಆಮೇಲೆ ಹೆಸರಿರುವ ಯಾವ ಕಮಾನನ್ನೂ ಹತ್ತಬಾರದೆಂಬ ನಿಯಮ ಬಿಗಿಯಾಯಿತು. ಸ್ವಲ್ಪ ದೂರದ ಗಾಬ್ಲಿನ್ ವ್ಯಾಲಿ ಎಂಬ ರಾಜ್ಯ ಉದ್ಯಾನದಲ್ಲಿ ಇದೇ ಎಂಟ್ರಾಡಾ ಕಲ್ಲು ಅಣಬೆಗಳಂತೆ ಗಿಡ್ಡ ಗಿಡ್ಡ ಗೊಂಬೆಗಳಾಗಿ ನಿಂತಿದೆ. 2013ರಲ್ಲಿ ಅಲ್ಲಿ ಒಂದು ಗೊಂಬೆಯ ತಲೆಬಂಡೆಯನ್ನು ಕೆಲವರು ಬೇಕೆಂದೇ ದೂಡಿ ಉರುಳಿಸಿ, ಅದರ ವಿಡಿಯೊ ಮಾಡಿಕೊಂಡು, ಕೊನೆಗೆ ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಯಿತು. ಯುಗಗಳು ತೆಗೆದುಕೊಂಡ ಕೆಲಸವನ್ನು ಅರೆಗಳಿಗೆಯಲ್ಲಿ ಮುಗಿಸಬಲ್ಲ ಶಕ್ತಿ ನಮ್ಮಲ್ಲಿದೆ ಎಂಬುದು ಹೆಮ್ಮೆ ಪಡುವ ಸಂಗತಿಯಲ್ಲ.

ದಾರಿ ಬಿಟ್ಟು ನಡೆಯಬೇಡಿ ಎಂಬ ಫಲಕಗಳನ್ನು ನೀವು ನೋಡಿರುತ್ತೀರಿ. ಅದು ಕಮಾನುಗಳಿಗಾಗಿ ಅಲ್ಲ. ಅಲ್ಲಿನ ಮರಳುನೆಲದ ಮೇಲೆ ಕಪ್ಪಗೆ ಗಂಟುಗಂಟಾಗಿ ಕಾಣುವ ಹಕ್ಕಳೆ ಸಜೀವವಾದದ್ದು. ನೀಲಿಹಸಿರು ಪಾಚಿಯೆಂದು ನಾವು ಕರೆಯುತ್ತಿದ್ದ ಸೂಕ್ಷ್ಮಜೀವಿಗಳು ಎಳೆ ನೂತು ಮರಳನ್ನು ಹಿಡಿದಿಟ್ಟಿರುತ್ತವೆ. ಒಂದು ಹೆಜ್ಜೆ ಇಟ್ಟರೆ ಅದು ಪುಡಿಯಾಗಿ, ಮತ್ತೆ ಕೂಡಿಕೊಳ್ಳಲು ದಶಕಗಳೇ ಬೇಕು. ಕಮಾನನ್ನು ನೋಡುತ್ತಾ ಹಿಂದೆ ಹಿಂದೆ ಸರಿದು ಫೋಟೊ ತೆಗೆಯುವವರ ಕಾಲಡಿ ಸಿಗುವುದು ಇದೇ. ನನ್ನ ನೆಂಟರಿಗೆಲ್ಲ ಕಾರಿನಿಂದ ಇಳಿಯುವ ಮೊದಲೇ ಇದನ್ನು ಹೇಳುತ್ತೇನೆ, ಆದರೂ ಪ್ರತಿ ಬಾರಿ ಒಬ್ಬರಾದರೂ ಮರೆಯುತ್ತಾರೆ.

ಬನಶಂಕರಿ ದಾರಿ

ಬಾದಾಮಿಯಲ್ಲಿ ಕಮಾನೇ ಇಲ್ಲವೆಂಬ ಅರ್ಥ ಬರುವಂತೆ ಮಾತು ಸಾಗಿರುವುದರಿಂದ ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ಊರಿನಿಂದ ಕೆಲವೇ ಕಿಲೋಮೀಟರ್ ದೂರದ ಕುರುಚಲು ಕಾಡಿನಲ್ಲಿ ಸಿಡಿಲಫಡಿ ಎಂಬ ಜಾಗವಿದೆ. ಅಲ್ಲಿ ದೈತ್ಯ ಮರಳುಗಲ್ಲಿನ ಬಂಡೆಯೊಂದು ಸೇತುವೆಯಂತೆ ಬಾಗಿ ನಿಂತಿದೆ, ಅದರಲ್ಲಿ ಬೆಳಕು ಸುರಿಯುವ ಕಂಡಿಗಳಿವೆ, ಆಸರೆಯ ಗೋಡೆಯಲ್ಲಿ ಇತಿಹಾಸಪೂರ್ವ ಕಾಲದವರು ಬಿಡಿಸಿದ ಚಿತ್ರಗಳಿವೆ. ಸಿಡಿಲು ಬಡಿದು ಬಂಡೆ ತೂತಾಯಿತೆಂದು ಹಿರಿಯರು ಹೇಳುತ್ತಾ ಬಂದದ್ದರಿಂದ ಆ ಹೆಸರು. ಗುಳೇದಗುಡ್ಡದವರಾಗಿ ನೀವು ಅದನ್ನು ನೋಡದೆ ಯೂಟಾಕ್ಕೆ ಹೋದಿರೆಂದರೆ ಜಗಳಕ್ಕೆ ಬರಬೇಕಾಗುತ್ತದೆ!

ಇನ್ನು ಸೀಳುಗಳ ವಿಷಯ. ಅಗಸ್ತ್ಯತೀರ್ಥದ ಉತ್ತರದ ಗುಡ್ಡಕ್ಕೆ ಹತ್ತುವಾಗ ಎರಡೂ ಬದಿಗೆ ಎತ್ತರದ ಬಂಡೆಗಳ ನಡುವೆ ಇಕ್ಕಟ್ಟಾದ ಓಣಿಯಲ್ಲಿ ಸಾಗಬೇಕು. ಮೇಷ್ಟ್ರು ವರ್ಣಿಸಿದ ಫಿನ್‌ಗಳ ನಡುವಿನ ಓಣಿ ಎಂದರೆ ನನ್ನ ಕಣ್ಣಿಗೆ ಕಟ್ಟುವುದು ಅದೇ. ಅದು ಹುಟ್ಟಿದ್ದು ಹೇಗೆ?

ಹಳೆಯ ಮೇಷ್ಟ್ರು

ಬನಶಂಕರಿ ದಾರಿಯವರೇ, ತಿದ್ದಿದ್ದು ಸರಿಯಾಯಿತು. ಇಲ್ಲವೇ ಇಲ್ಲ ಎನ್ನುವ ಬದಲು ಸಾಲುಗಟ್ಟಿ ಇಲ್ಲ ಎಂದು ಹೇಳಬೇಕಿತ್ತು. ನೀವು ಹೇಳಿದ ಓಣಿಯೂ ನೆಟ್ಟನೆಯ ಸೀಳೊಂದು ಅಗಲಿಸಿದ್ದರಿಂದಲೇ ಆದದ್ದು. ಆದರೆ ಬಾದಾಮಿಯ ಪದರಗಳು ಬಹುಮಟ್ಟಿಗೆ ಮಟ್ಟಸವಾಗಿ ಮಲಗಿವೆ, ಉಪ್ಪಿನ ಮೇಲೆ ಬಾಗಿ ಬಿರಿದ ಕಲ್ಲಿನಲ್ಲಿರುವಷ್ಟು ಒತ್ತೊತ್ತಾದ ಸೀಳುಗಳು ಅಲ್ಲಿಲ್ಲ. ಹಾಗಾಗಿ ಉಳಿದದ್ದು ತೆಳು ಗೋಡೆಗಳಲ್ಲ, ದಪ್ಪನೆಯ ಗುಡ್ಡಗಳು. ಚಾಲುಕ್ಯರಿಗೆ ಗುಹೆ ಕೊರೆಯಲು ಬೇಕಾಗಿದ್ದುದೂ ಅಂತಹ ದಪ್ಪ ಕಲ್ಲೇ.

ಉಪ್ಪುಕೆರೆಯವರು ಕೇಳಿದ ಲೇಪದ ವಿಷಯಕ್ಕೆ: ಅವರ ಊಹೆ ಸರಿ. ಉಸಿರಾಡದ ಲೇಪದ ಹಿಂದೆ ತೇವವೂ ಲವಣವೂ ಸೇರಿಕೊಂಡು ಮೇಲ್ಮೈಯನ್ನೇ ಹಪ್ಪಳದಂತೆ ಎಬ್ಬಿಸುತ್ತವೆ. ಹಳೆಯ ಕಲ್ಲುಕಟ್ಟಡಗಳಿಗೆ ಸಿಮೆಂಟ್ ಮೆತ್ತಿ ಕೆಡಿಸಿದ ಕಡೆಗಳಲ್ಲಿ ಇದನ್ನು ಎಲ್ಲರೂ ನೋಡಬಹುದು.

ಮೊಮ್ಮಗಳಿಗೆ ಒಂದು ಮಾತು ಬಿಟ್ಟುಹೋಗಿತ್ತು. ಹರಿಯುವ ಹೊಳೆಯೇ ಗೋಡೆಯನ್ನು ತೂರಿ ಹೋಗಿ ಆದ ತೆರಪನ್ನು ಅಲ್ಲಿಯವರು ಕಮಾನು ಎನ್ನದೆ ಸೇತುವೆ ಎನ್ನುತ್ತಾರೆ; ಅದೇ ರಾಜ್ಯದ ದಕ್ಷಿಣಕ್ಕೆ ನ್ಯಾಚುರಲ್ ಬ್ರಿಜಸ್ ಎಂಬ ಇನ್ನೊಂದು ಸಂರಕ್ಷಿತ ತಾಣದಲ್ಲಿ ಅಂತಹ ಮೂರು ಇವೆ. ಆರ್ಚಸ್‌ನಲ್ಲಿ ಎರಡು ಸಾವಿರಕ್ಕೂ ಹೆಚ್ಚು ಕಮಾನುಗಳಿವೆಯೆಂದು ಎಣಿಸುವಾಗ ಯಾವುದಾದರೂ ಒಂದು ದಿಕ್ಕಿನಲ್ಲಿ ಮೂರು ಅಡಿ ತೆರಪಿರುವ ತೂತನ್ನೂ ಲೆಕ್ಕಕ್ಕೆ ಹಿಡಿಯುತ್ತಾರೆ. ಅದಕ್ಕಿಂತ ಸಣ್ಣವು ಇನ್ನೂ ಸರದಿಯಲ್ಲಿವೆ.

ಗುಳೇದಗುಡ್ಡದವ

ಸಿಡಿಲಫಡಿಗೆ ನಾನು ಹೋಗಿಲ್ಲವೆಂದು ತಲೆತಗ್ಗಿಸಿ ಒಪ್ಪಿಕೊಳ್ಳುತ್ತೇನೆ. ಊರಿಗೆ ಮರಳಿದ ಮೇಲೆ ಮೊದಲ ಕೆಲಸ ಅದೇ. ನಮ್ಮ ಬಳಗಕ್ಕೆ ಕಳಿಸಿದ ಚಿತ್ರದ ಕೆಳಗೆ ‘ಗಾಳಿ ಕೆತ್ತಿದ ಕಮಾನು’ ಎಂದು ಬರೆದಿದ್ದೆ, ಅದನ್ನು ಇವತ್ತೇ ತಿದ್ದಿದೆ. ಡಿಸೆಂಬರಿನ ರಜೆಯಲ್ಲಿ ಮತ್ತೊಮ್ಮೆ ಮೋಆಬಿಗೆ ಹೋಗೋಣವೆಂದು ಮಗ ಹೇಳುತ್ತಿದ್ದಾನೆ. ಅಷ್ಟು ಚಳಿಯಲ್ಲಿ ಹೋಗಿ ನೋಡುವಂಥದ್ದು ಏನಾದರೂ ಇರುತ್ತದೆಯೆ?

ಉಪ್ಪುಕೆರೆಯ ಕನ್ನಡಿಗ

ಖಂಡಿತ ಹೋಗಿ ಬನ್ನಿ, ಆದರೆ ಬೂಟಿಗೆ ಹಿಮದ ಮೇಲೆ ಜಾರದ ಮುಳ್ಳುಪಟ್ಟಿ ಕಟ್ಟಿಕೊಳ್ಳಿ. ಡೆಲಿಕೇಟ್ ಆರ್ಚಿನ ದಾರಿಯ ಕೊನೆಯ ಬಂಡೆಯಂಚು ಆ ಕಾಲದಲ್ಲಿ ಗಾಜಿನಂತಿರುತ್ತದೆ. ಜನ ಕಡಿಮೆ. ಬೆಳಗಿನ ಹೊತ್ತು ಡೆವಿಲ್ಸ್ ಗಾರ್ಡನ್ ದಾರಿಯಲ್ಲಿ ಗೋಡೆಗಳ ಉತ್ತರದ ಮಗ್ಗುಲನ್ನು ನೋಡಿ. ಬಿಸಿಲು ತಾಗದ ಬುಡದಲ್ಲಿ ಹಿಮ ಉಳಿದಿರುತ್ತದೆ, ಅದರ ಮೇಲೆ ಆ ವಾರ ಉದುರಿದ ಕೆಂಪು ಮರಳು ಅರಿಶಿನಕುಂಕುಮ ಚೆಲ್ಲಿದಂತೆ ಕಾಣುತ್ತದೆ.